ತುಮಕೂರು ರಸ್ತೆಯಲ್ಲಿ ಹುಟ್ಟಿದ ಪಾಠ, ವೈಟ್‌ಫೀಲ್ಡ್‌ನಲ್ಲಿ ಸಿಗದ ವಿಳಾಸ

ವೈದ್ಯಕೀಯ ಕಾಲೇಜುಗಳ ಹಾಸ್ಟೆಲುಗಳಲ್ಲಿ ‘ಪಿಎಸ್‌ಎಂ’ ಎಂದರೆ ಬಹುಕಾಲ ನಿದ್ದೆಯ ತರಗತಿ ಎಂದೇ ಅರ್ಥ. ಪ್ರಿವೆಂಟಿವ್ ಅಂಡ್ ಸೋಷಿಯಲ್ ಮೆಡಿಸಿನ್, ಈಗಿನ ಪಠ್ಯಕ್ರಮದ ಹೆಸರಿನಲ್ಲಿ ಸಮುದಾಯ ವೈದ್ಯಶಾಸ್ತ್ರ. ಪಾರ್ಕ್ ಅವರ ದಪ್ಪ ಪುಸ್ತಕವನ್ನು ಪರೀಕ್ಷೆಯ ಹಿಂದಿನ ವಾರ ಉರು ಹೊಡೆಯುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂಬ ಲೆಕ್ಕ ಬಿಡಿಸುವುದು, ಫೀಲ್ಡ್ ಪೋಸ್ಟಿಂಗ್ ದಿನ ಕಾಲೇಜಿನ ಬಸ್ಸಿನಲ್ಲಿ ಹಾಡು ಹೇಳುತ್ತ ಹಳ್ಳಿಗೆ ಹೋಗಿ ಬರುವುದು: ಇಷ್ಟರಲ್ಲಿ ವಿಷಯ ಮುಗಿಯುತ್ತಿತ್ತು. ಸ್ನಾತಕೋತ್ತರ ಸೀಟು ಆರಿಸುವಾಗ ಅದು ಪಟ್ಟಿಯ ತಳದಲ್ಲಿರುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಇದೇ ವಿಷಯದ ಮಾತುಗಳು ಟಿವಿ ನಿರೂಪಕರ ಬಾಯಿಗೆ, ಅಲ್ಲಿಂದ ಅಪಾರ್ಟ್‌ಮೆಂಟಿನ ವಾಟ್ಸ್‌ಆಪ್ ಗುಂಪುಗಳಿಗೆ ಹರಿದವು. ಕ್ವಾರಂಟೈನ್ ಬೇರೆ, ಐಸೊಲೇಷನ್ ಬೇರೆ ಎಂದು ತರಕಾರಿ ಗಾಡಿಯವನೂ ವಿವರಿಸಬಲ್ಲವನಾದ.

ಆದರೆ ವಿಷಯಕ್ಕೆ ಕಡೆಗೂ ಬೆಲೆ ಬಂದ ಆ ದಿನಗಳಲ್ಲಿ ಅದನ್ನು ಕಲಿಸುತ್ತಿದ್ದವರ ಕೈಯಲ್ಲಿ ಒಂದು ಮುಖ್ಯ ಕಡತ ಇರಲಿಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬ ಪಟ್ಟಿ ಅದು. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಶಿಕ್ಷಣದ ಚರಿತ್ರೆ ನೋಡಿದರೆ ಈ ಕೊರತೆ ಒಂದು ರಾತ್ರಿಯಲ್ಲಿ ಆದದ್ದಲ್ಲ ಎಂದು ತಿಳಿಯುತ್ತದೆ. ನಗರದ ಹೊರವಲಯದಲ್ಲೇ ಹುಟ್ಟಿ ಬೆಳೆದ ಶಾಸ್ತ್ರ ಇದು. ಹೊರವಲಯ ಬದಲಾಯಿತು, ಶಾಸ್ತ್ರದ ಕಣ್ಣು ಮಾತ್ರ ಹಳ್ಳಿಯ ಮೇಲೆಯೇ ನೆಟ್ಟಿತ್ತು.

ಮೊದಲ ಪಾಠ ಪ್ಲೇಗಿನದು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಪೇಟೆಯ ಇಕ್ಕಟ್ಟನ್ನು ಬಯಲಿಗೆಳೆಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಅದರ ಒತ್ತಡದಲ್ಲಿ. ರೋಗ ಬಂದರೆ ಊರು ಹೊರಕ್ಕೆ ಸರಿಯುತ್ತದೆ ಎಂಬುದನ್ನು ಈ ನಗರ ಅಂದೇ ಕಲಿತಿತ್ತು. ಕಲಿಸಲು ಆಗ ವಿಶ್ವವಿದ್ಯಾಲಯವೇ ಇರಲಿಲ್ಲ; ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1916ರಲ್ಲಿ. ಮುಂದೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆಯಿತು. ಆರೋಗ್ಯ ಸಿಬ್ಬಂದಿಯನ್ನು ಹಳ್ಳಿಯಲ್ಲಿಟ್ಟು ತರಬೇತಿ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಹೀಗೆ.

ನಿಜವಾದ ತಿರುವು ಬಂದದ್ದು ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆಯಲ್ಲಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅಲ್ಲಿ ನೆಲೆಗೊಂಡಿತು. 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಉದ್ಘಾಟಿಸಿದರು. ವೈದ್ಯರು, ಅಂಕಿಅಂಶ ತಜ್ಞರು, ಸಮಾಜಶಾಸ್ತ್ರ ಬಲ್ಲವರು ಒಂದೇ ಮೇಜಿನ ಸುತ್ತ ಕುಳಿತ ಜಾಗ ಅದು. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದು ಆ ಮೇಜಿಗೆ ಕುಳಿತಿದ್ದ ಹಾಫ್‌ಡಾನ್ ಮಾಹ್ಲರ್ ಮುಂದೆ ಅದೇ ಸಂಸ್ಥೆಯ ಮಹಾನಿರ್ದೇಶಕರಾದರು. ಜೀಪುಗಳು ತುಮಕೂರು ರಸ್ತೆ ಹಿಡಿದು ಹೊರಟವು. ಇಂದಿನ ಪೀಣ್ಯ ಆಗ ಹೊಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ದೇವಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಒಂದು ಸರಳ ಪ್ರಶ್ನೆ ಹಿಡಿದು ಹೋದರು. ಕ್ಷಯವಿದ್ದವರಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿದೆಯೇ? ಗೊತ್ತಿದ್ದರೆ ಏನು ಮಾಡುತ್ತಾರೆ?

ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಮನೆಮನೆಗೆ ಎಕ್ಸ್‌ರೇ ವ್ಯಾನು ಒಯ್ಯಬೇಕು ಎಂಬುದು ಆಗಿನ ಪಂಡಿತರ ನಂಬಿಕೆ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮು ಸಾಮಾನ್ಯದ್ದಲ್ಲ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದಾದರೂ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ದಡ್ಡತನ ಜನರದ್ದಾಗಿರಲಿಲ್ಲ, ವ್ಯವಸ್ಥೆಯದ್ದಾಗಿತ್ತು. ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಿಗೆ ತಾನಾಗಿ ಬರುವ ಕೆಮ್ಮಿನವರ ಕಫ ಪರೀಕ್ಷೆಯ ಮೇಲೆ ನಿಂತದ್ದು ಇದೇ ತರದ ಕೆಲಸದಿಂದ. ಬ್ಯಾನರ್ಜಿ ಮುಂದೆ ದೆಹಲಿಯ ಜೆಎನ್‌ಯುನಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ದೇಶದ ಸಾರ್ವಜನಿಕ ಆರೋಗ್ಯ ಅಧ್ಯಯನದ ಒಂದು ಬೇರು ಹೀಗೆ ತುಮಕೂರಿನ ಹಳ್ಳಿಗಳಲ್ಲಿದೆ. ಕನ್ನಡಿಗರು ಇದನ್ನು ಹೇಳಿಕೊಳ್ಳುವುದು ಕಡಿಮೆ.

ಇತ್ತ ವೈದ್ಯಕೀಯ ಕಾಲೇಜುಗಳು 1946ರ ಭೋರ್ ಸಮಿತಿ ವರದಿಯ ಆಶಯದಂತೆ ಸಾಮಾಜಿಕ ವೈದ್ಯಶಾಸ್ತ್ರದ ವಿಭಾಗಗಳನ್ನು ತೆರೆಯುತ್ತಿದ್ದವು. 1963ರಲ್ಲಿ ಶುರುವಾದ ಸೇಂಟ್ ಜಾನ್ಸ್ ಕಾಲೇಜು ಇದನ್ನು ಮನಸ್ಸಿಟ್ಟು ಮಾಡಿದ ಕೆಲವೇ ಕಡೆಗಳಲ್ಲಿ ಒಂದು. ಸರ್ಜಾಪುರದ ಬಳಿಯ ಮುಗಳೂರಿನ ತರಬೇತಿ ಕೇಂದ್ರಕ್ಕೆ ಅದರ ವಿದ್ಯಾರ್ಥಿಗಳು ಹೋಗುತ್ತಲೇ ಇದ್ದಾರೆ. 1977ರಲ್ಲಿ ವೈದ್ಯಕೀಯ ಶಿಕ್ಷಣವನ್ನು ಹಳ್ಳಿಯತ್ತ ತಿರುಗಿಸಲು ಬಂದ ಕೇಂದ್ರ ಸರ್ಕಾರದ ‘ರೋಮ್’ ಯೋಜನೆ ಪ್ರತಿ ಕಾಲೇಜೂ ಮೂರು ಬ್ಲಾಕುಗಳ ಹೊಣೆ ಹೊರಬೇಕೆಂದಿತು. ಅದಕ್ಕೆಂದು ಮೆಟಡಾರ್ ವ್ಯಾನುಗಳು ಬಂದವು. ಎಷ್ಟೋ ಕಡೆ ವ್ಯಾನು ನಿಂತಲ್ಲೇ ತುಕ್ಕು ಹಿಡಿಯಿತು. ಸೇಂಟ್ ಜಾನ್ಸ್‌ನಲ್ಲಿ ಪಾಠ ಮಾಡುತ್ತಿದ್ದ ರವಿ ನಾರಾಯಣ್ ಮತ್ತು ಥೆಲ್ಮಾ ನಾರಾಯಣ್ 1984ರಲ್ಲಿ ಹೊರಬಂದು ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದರು. ಇಂದಿನ ‘ಸೊಚಾರಾ’ದ ಮೂಲ ಅದು. ಪದವಿಯಿಲ್ಲದ, ಪರೀಕ್ಷೆಯಿಲ್ಲದ ಕಲಿಕೆಯನ್ನು ಅವರು ನಡೆಸಿಕೊಂಡು ಬಂದರು. ಕಾಲೇಜಿನ ಗೋಡೆಯೊಳಗೆ ಸಮುದಾಯ ಹಿಡಿಸುವುದಿಲ್ಲ ಎಂಬ ಅವರ ಅನುಮಾನಕ್ಕೆ ಮುಂದೆ ಸಾಕಷ್ಟು ಪುರಾವೆ ಸಿಕ್ಕಿತು.

ಇದೆಲ್ಲ ನಡೆಯುತ್ತಿರುವಾಗಲೇ ಕಾಲ ಕೆಳಗಿನ ನೆಲ ಬದಲಾಯಿತು. ಎಪ್ಪತ್ತರ ದಶಕದ ಕೊನೆಗೆ ಪೀಣ್ಯದ ಹೊಲಗಳಲ್ಲಿ ಲೇಥ್ ಯಂತ್ರಗಳು ತಿರುಗುತ್ತಿದ್ದವು. 1978ರಲ್ಲಿ ರಾಜ್ಯ ಸರ್ಕಾರದ ಕಿಯೊನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಾಗಿ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡ್‌ಗೆ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಭೂಮಿ ಅಗ್ಗವಿದ್ದಲ್ಲಿಗೆ ಖಾಸಗಿ ವೈದ್ಯಕೀಯ ಕಾಲೇಜುಗಳೂ ಬಂದವು: ವೈಟ್‌ಫೀಲ್ಡ್‌ನ ಕೈಗಾರಿಕಾ ಪ್ರದೇಶದಲ್ಲಿ ವೈದೇಹಿ, ಹೊಸಕೋಟೆಯಲ್ಲಿ ಎಂವಿಜೆ, ಅತ್ತಿಬೆಲೆ ಬಳಿ ಆಕ್ಸ್‌ಫರ್ಡ್, ಪೀಣ್ಯದ ಪಕ್ಕದ ಹೆಸರಘಟ್ಟ ರಸ್ತೆಯಲ್ಲಿ ಸಪ್ತಗಿರಿ. ಆಸ್ಪತ್ರೆ ಆಡಳಿತ ಕಲಿಸುವ ಐಐಎಚ್‌ಎಂಆರ್ 2004ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲೇ ನೆಲೆಯೂರಿತು. 2010ರಲ್ಲಿ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸರ್ಜಾಪುರದ ಸ್ವಂತ ಆವರಣಕ್ಕೆ ಹೋಗುವವರೆಗೂ ಎಲೆಕ್ಟ್ರಾನಿಕ್ ಸಿಟಿ ಬಳಿಯ ಬಾಡಿಗೆ ಕಟ್ಟಡಗಳಲ್ಲಿ ಅಭಿವೃದ್ಧಿ, ಆರೋಗ್ಯ, ಪೌಷ್ಟಿಕತೆಯ ಪಾಠ ನಡೆಸಿತು.

ವಿಚಿತ್ರ ಇರುವುದು ಇಲ್ಲಿ. ಕಾಲೇಜುಗಳು ಕಾರ್ಖಾನೆಗಳ ನೆರೆಯಲ್ಲಿದ್ದವು; ಅವುಗಳ ಕ್ಷೇತ್ರಕಾರ್ಯದ ಬಸ್ಸುಗಳು ಮಾತ್ರ ಕಾರ್ಖಾನೆಗಳನ್ನು ದಾಟಿ ಮುಂದಿನ ಹಳ್ಳಿಗೆ ಹೋಗುತ್ತಿದ್ದವು. ಪಠ್ಯಕ್ರಮ ಕೇಳುತ್ತಿದ್ದದ್ದು ಒಂದು ಗ್ರಾಮೀಣ ಕೇಂದ್ರ, ಒಂದು ನಗರ ಕೇಂದ್ರ. ಎರಡೂ ಅಲ್ಲದ ಜಾಗಕ್ಕೆ ಅದರಲ್ಲಿ ಕಾಲಂ ಇಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆದಾಗ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಅದರ ವಲಯಗಳಾದವು. ಎಲೆಕ್ಟ್ರಾನಿಕ್ ಸಿಟಿ ಹೊರಗೇ ಉಳಿದು 2013ರಲ್ಲಿ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಪಡೆಯಿತು. ಅದೇ ವರ್ಷ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 50,000 ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದಿತು. ಹಳ್ಳಿಯಲ್ಲಿ ತಲೆಮಾರುಗಳಿಂದ ಮನೆಮನೆ ಲೆಕ್ಕ ಇಟ್ಟ ಆರೋಗ್ಯ ಸಹಾಯಕಿಯಂಥವರು ಹೊಸ ಬಡಾವಣೆಗಳಲ್ಲಿ ತೀರ ಕಡಿಮೆ. ಗಾರ್ಮೆಂಟ್ಸ್ ಕೆಲಸಕ್ಕೆ ಬಂದು ನಾಲ್ವರು ಒಂದೇ ಕೋಣೆಯಲ್ಲಿರುವ ಹುಡುಗಿಯರು, ಪಿಜಿಯ ಒಂದೇ ಮಂಚದಲ್ಲಿ ಮೂರು ಪಾಳಿಯಲ್ಲಿ ಮಲಗುವವರು, ಮಾರತಹಳ್ಳಿಯಾಚೆಯ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು, ಒಡಿಶಾ, ಬಂಗಾಳದವರು: ಇವರಿಗೆ ಸಂಬಳ ಕೊಡುವ ಗುತ್ತಿಗೆದಾರನ ಪುಸ್ತಕ ಬಿಟ್ಟರೆ ಬೇರೆ ದಾಖಲೆ ಕಷ್ಟ. ಔದ್ಯೋಗಿಕ ಆರೋಗ್ಯ ಎಂಬ ಅಧ್ಯಾಯ ಪಾರ್ಕ್ ಪುಸ್ತಕದಲ್ಲಿದೆ. ಅದು ಸಿಲಿಕೋಸಿಸ್, ಸೀಸದ ವಿಷ ಎಂದು ಯಂತ್ರದ ಮುಂದಿನ ಎಂಟು ಗಂಟೆಯ ಮಾತಾಡುತ್ತದೆ. ಕಾರ್ಮಿಕನ ಉಳಿದ ಹದಿನಾರು ಗಂಟೆ ಅದರ ವ್ಯಾಪ್ತಿಗೆ ಬರುವುದಿಲ್ಲ.

2020ರ ಜನವರಿಯಲ್ಲಿ ಮಹದೇವಪುರ ವಲಯದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಕ್ರಮ ವಲಸಿಗರೆಂಬುದು ಕೊಟ್ಟ ಕಾರಣ. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆ ಕ್ರಮವನ್ನು ಒಪ್ಪಲಿಲ್ಲ. ಎರಡು ತಿಂಗಳೂ ಕಳೆಯಲಿಲ್ಲ, ಮಾರ್ಚ್ 9ರಂದು ರಾಜ್ಯದ ಮೊದಲ ಕೋವಿಡ್ ಪ್ರಕರಣ ವರದಿಯಾಯಿತು: ಅಮೆರಿಕದಿಂದ ಮರಳಿದ ಸಾಫ್ಟ್‌ವೇರ್ ಉದ್ಯೋಗಿ. ಮಾರ್ಚ್ 14ರಿಂದ ಮಾಲು, ಸಿನಿಮಾ ಮಂದಿರ, ವಿಶ್ವವಿದ್ಯಾಲಯ ಎಲ್ಲ ಬಂದ್. ಟೆಕ್ಕಿಗಳು ಲ್ಯಾಪ್‌ಟಾಪ್ ಹೊತ್ತು ಮನೆಗೆ ಹೋದರು, ಪ್ರಾಧ್ಯಾಪಕರು ಝೂಮ್ ಕಲಿಯಲು ಕುಳಿತರು, ಶೆಡ್ಡಿನವರು ಶೆಡ್ಡಿನಲ್ಲೇ ಉಳಿದರು.

ಸಾಂಕ್ರಾಮಿಕ ರೋಗಶಾಸ್ತ್ರ ಕಲಿಸಲು ಇದಕ್ಕಿಂತ ಒಳ್ಳೆಯ ಕಾಲವಿರಲಿಲ್ಲ, ಇದಕ್ಕಿಂತ ಕೆಟ್ಟ ಕಾಲವೂ ಇರಲಿಲ್ಲ. ಆರೋಗ್ಯ ಇಲಾಖೆ ದಿನವೂ ಹೊರಡಿಸುತ್ತಿದ್ದ ಬುಲೆಟಿನ್ ಮೊದಲ ತಿಂಗಳುಗಳಲ್ಲಿ ಪ್ರತಿ ಸೋಂಕಿತರಿಗೂ ಒಂದು ‘ಪಿ’ ಸಂಖ್ಯೆ ಕೊಟ್ಟು, ವಯಸ್ಸು, ಜಿಲ್ಲೆ, ಯಾರ ಸಂಪರ್ಕ ಎಂದು ಬರೆಯುತ್ತಿತ್ತು. ಹಳೆಯ ಬ್ಯಾಚುಗಳು ಲಂಡನ್ನಿನ ಜಾನ್ ಸ್ನೋ ಮತ್ತು ಬ್ರಾಡ್ ಸ್ಟ್ರೀಟ್ ಪಂಪಿನ ಕಾಲರಾ ಕಥೆಯಿಂದ ಕಲಿತಿದ್ದನ್ನು ಈ ಬ್ಯಾಚು ಹೊಂಗಸಂದ್ರದಿಂದ ಕಲಿಯಬಹುದಿತ್ತು. ಹೊಸೂರು ರಸ್ತೆಯ ಆ ವಾರ್ಡಿನಲ್ಲಿ 2020ರ ಏಪ್ರಿಲ್‌ನಲ್ಲಿ ಬಿಹಾರದ ಕಾರ್ಮಿಕರ ನಡುವೆ ಸೋಂಕು ಹಬ್ಬಿದಾಗ, ಒಂದೇ ಶೌಚಾಲಯ ಹಂಚಿಕೊಂಡ ವಠಾರದಲ್ಲಿ ‘ಪ್ರೈಮರಿ ಕಾಂಟ್ಯಾಕ್ಟ್’ ಯಾರು, ‘ಸೆಕೆಂಡರಿ’ ಯಾರು ಎಂಬ ವಿಂಗಡಣೆಯೇ ಕುಸಿಯಿತು. ಆರಡಿ ಅಂತರದ ನಿಯಮ ಬರೆದವರ ಮನಸ್ಸಿನಲ್ಲಿದ್ದ ಮನೆಗೆ ಕೋಣೆಗಳಿದ್ದವು. ಅದೇ ಬುಲೆಟಿನ್ ಇನ್ನೊಂದು ಪಾಠವನ್ನೂ ಇಟ್ಟಿತ್ತು. ವಯಸ್ಸು, ಪ್ರದೇಶ, ಪ್ರಯಾಣದ ವಿವರ ಸೇರಿದರೆ ಹೆಸರು ಬೇಕಿಲ್ಲ. ಬೀದಿಯವರು ಗುರುತು ಹಿಡಿಯುತ್ತಾರೆ. ಸಂಶೋಧನಾ ನೀತಿಯ ತರಗತಿಯಲ್ಲಿ ಆಕಳಿಸುತ್ತಿದ್ದವರಿಗೆ ಬಾಗಿಲಿಗೆ ಅಂಟಿಸಿದ ಕ್ವಾರಂಟೈನ್ ಚೀಟಿಯೇ ಉದಾಹರಣೆಯಾಯಿತು.

ನನಗೆ ಅತ್ಯುತ್ತಮ ಪಾಠವೆನಿಸುವುದು ಎರಡು ಸಮೀಕ್ಷೆಗಳ ಜಗಳ. 2020ರ ಜೂನ್ ಮಧ್ಯದಿಂದ ಆಗಸ್ಟ್‌ ಕೊನೆವರೆಗೆ ಮನೋಜ್ ಮೋಹನನ್, ಅನೂಪ್ ಮಲಾನಿ ಮುಂತಾದ ಸಂಶೋಧಕರ ತಂಡ ಕರ್ನಾಟಕದ ಮನೆಗಳಿಂದ ರಕ್ತ ಸಂಗ್ರಹಿಸಿ, ರಾಜ್ಯದ ಶೇ 46.7ರಷ್ಟು ಜನರಲ್ಲಿ ಪ್ರತಿಕಾಯ ಇದೆಯೆಂದು ಅಂದಾಜಿಸಿತು. ನಗರಗಳಲ್ಲಿ ಅದು ಶೇ 53.8. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗತಜ್ಞ ಗಿರಿಧರ ಬಾಬು ಅವರ ಮುಂಚೂಣಿಯಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಸೋಂಕು ತಗುಲಿದ್ದವರು ಮತ್ತು ಆಗ ಇದ್ದವರು ಸೇರಿ ಸುಮಾರು ಶೇ 27. ತಿಂಗಳು ಕಳೆದ ಮೇಲೆ ಸೋಂಕು ಇಳಿಯಿತೇ? ಇಲ್ಲ. ಒಂದು ತಂಡ ಮನೆಗಳನ್ನು ಮಾದರಿಯಾಗಿ ಆರಿಸಿತ್ತು. ಇನ್ನೊಂದು ಗರ್ಭಿಣಿಯರು, ಬಸ್ ಕಂಡಕ್ಟರುಗಳು, ತರಕಾರಿ ಮಾರುವವರು, ಪೌರಕಾರ್ಮಿಕರು, ಹಿರಿಯರು ಎಂದು ಗುಂಪುಗಳನ್ನು ಗೊತ್ತುಮಾಡಿ ನೋಡಿತ್ತು. ಕಿಟ್ ಬೇರೆ, ಸರಿಪಡಿಕೆಯ ಲೆಕ್ಕ ಬೇರೆ. ಎರಡರಲ್ಲಿ ಯಾವುದನ್ನು ನಂಬಿದರೂ ಒಂದು ಮಾತು ನಿಲ್ಲುತ್ತದೆ: ಬುಲೆಟಿನ್ನಿನ ಲಕ್ಷಗಳ ಹಿಂದೆ ಕೋಟಿಯ ಲೆಕ್ಕವಿತ್ತು. ಸಂವೇದನೆ, ನಿರ್ದಿಷ್ಟತೆ, ಮಾದರಿ ದೋಷ ಎಂಬ ಒಣ ಶಬ್ದಗಳಿಗೆ ಇದಕ್ಕಿಂತ ಜೀವಂತ ಟಿಪ್ಪಣಿ ಯಾವ ಪಠ್ಯಪುಸ್ತಕವೂ ಕೊಡಲಾರದು. ಮುಂದಿನ ಅಲೆಗಳಲ್ಲಿ ಮಹದೇವಪುರ ವಲಯ ಪ್ರಕರಣಗಳ ಪಟ್ಟಿಯ ತುದಿಯಲ್ಲಿ ಆಗಾಗ ಕಾಣಿಸಿಕೊಂಡಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಅಲ್ಲಿ ಸೋಂಕು ಹೆಚ್ಚೋ, ಅಪಾರ್ಟ್‌ಮೆಂಟುಗಳಲ್ಲಿ ಪರೀಕ್ಷೆ ಹೆಚ್ಚೋ? ಗೇಟಿನೊಳಗಿನವರು ಪರೀಕ್ಷೆಗೆ ಒಳಗಾಗುತ್ತಾರೆ, ಗೇಟಿನಾಚೆಯ ಶೆಡ್ಡಿನವನು ದಿನದ ಕೂಲಿ ಹೋದೀತೆಂದು ಜ್ವರ ಮುಚ್ಚಿಟ್ಟುಕೊಳ್ಳುತ್ತಾನೆ.

ಕ್ಷೇತ್ರಕ್ಕೆ ಹೋಗಲಾಗದ ಸಂಶೋಧಕರು ಫೋನು ಹಿಡಿದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಉದ್ಯೋಗ ಅಧ್ಯಯನ ಕೇಂದ್ರ 2020ರ ಏಪ್ರಿಲ್–ಮೇನಲ್ಲಿ ಸ್ವಯಂಸೇವಾ ಸಂಸ್ಥೆಗಳ ಜೊತೆ ಸೇರಿ 12 ರಾಜ್ಯಗಳ ಸುಮಾರು 5,000 ಜನರನ್ನು ದೂರವಾಣಿಯಲ್ಲಿ ಮಾತಾಡಿಸಿತು. ಮೂರರಲ್ಲಿ ಎರಡು ಪಾಲು ಜನ ಕೆಲಸ ಕಳೆದುಕೊಂಡಿದ್ದರು. ನಗರದಲ್ಲಿ ಹತ್ತರಲ್ಲಿ ಎಂಟು. ಮರುವರ್ಷ ಅದೇ ಕೇಂದ್ರದ ವರದಿ, 23 ಕೋಟಿ ಜನ ಕನಿಷ್ಠ ವೇತನದ ಬಡತನ ರೇಖೆಯಿಂದ ಕೆಳಕ್ಕೆ ಜಾರಿದ್ದಾರೆಂದು ಲೆಕ್ಕಹಾಕಿತು. ಇದನ್ನು ಅರ್ಥಶಾಸ್ತ್ರ ಎನ್ನುವವರಿದ್ದಾರೆ. ಸಂಬಳವೇ ಕ್ವಾರಂಟೈನಿನ ಮೊದಲ ಷರತ್ತು ಎಂದು ಒಪ್ಪಿದರೆ ಇದು ಅಚ್ಚ ಸಾರ್ವಜನಿಕ ಆರೋಗ್ಯ. ಮೇ ಮೊದಲ ವಾರ ಪೀಣ್ಯದಾಚೆಯ ಚಿಕ್ಕಬಾಣಾವರದಿಂದ ಶ್ರಮಿಕ ರೈಲುಗಳು ಹೊರಟವು. ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ದಿನವೇ ಮುಂದಿನ ರೈಲುಗಳು ಬೇಡವೆಂದು ಸರ್ಕಾರ ಪತ್ರ ಬರೆಯಿತು. ಟೀಕೆಯ ಸುರಿಮಳೆಯಾದ ಮೇಲೆ ಮತ್ತೆ ಓಡಿದವು. ಕೆಲಸವಿಲ್ಲದ, ಊಟವಿಲ್ಲದ ಕಾರ್ಮಿಕರನ್ನು ಕಟ್ಟಡದ ಸಲುವಾಗಿ ಹಿಡಿದಿಡುವ ಆ ಎರಡು ದಿನಗಳನ್ನು ಯಾವ ರೋಗಹರಡುವಿಕೆಯ ಮಾಡೆಲ್ಲೂ ಊಹಿಸಿರಲಿಲ್ಲ.

ತುಮಕೂರು ರಸ್ತೆಯ ಮಾದಾವರದಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದ ಕಥೆಯೂ ಪಠ್ಯಕ್ಕೆ ಸೇರಬೇಕಾದದ್ದು. ಊರಿಗೆ ಹೊರಟ ವಲಸೆ ಕಾರ್ಮಿಕರು ಕಾದದ್ದು ಅಲ್ಲಿ. ಜುಲೈ ಹೊತ್ತಿಗೆ ಅದೇ ಸಭಾಂಗಣಗಳು 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರವಾದವು. ದೇಶದಲ್ಲೇ ದೊಡ್ಡದೆಂದು ಕ್ಯಾಮೆರಾಗಳು ಬಂದವು. ಅದೇ ತಿಂಗಳು ಲಕ್ಷಣವಿಲ್ಲದವರು ಮನೆಯಲ್ಲೇ ಇರಬಹುದೆಂಬ ನಿಯಮ ಬಂತು, ಹಾಸಿಗೆಗಳು ತುಂಬಲಿಲ್ಲ, ಸೆಪ್ಟೆಂಬರ್‌ನಲ್ಲಿ ಕೇಂದ್ರ ಮುಚ್ಚಿತು. ಎಂಟು ತಿಂಗಳ ನಂತರ ಐಸಿಯು ಹಾಸಿಗೆಗಾಗಿ ಇಡೀ ನಗರ ಫೋನು ಹಿಡಿದು ಅತ್ತಿತು. ಹಾಸಿಗೆ ಎಂಬ ಒಂದೇ ಎಣಿಕೆಯೊಳಗೆ ಎಷ್ಟು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ಆರೋಗ್ಯ ಆಡಳಿತದ ವಿದ್ಯಾರ್ಥಿಗಳು ಕಣ್ಣಾರೆ ಕಂಡರು.

2021ರ ಏಪ್ರಿಲ್–ಮೇನಲ್ಲಿ ಕಲಿಯುವವರೇ ಕೂಲಿಯಾಳುಗಳಾದರು. ನೀಟ್-ಪಿಜಿ ಮುಂದಕ್ಕೆ ಹೋಯಿತು. ಮೇ 3ರ ಕೇಂದ್ರದ ತೀರ್ಮಾನದಂತೆ ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಟೆಲಿ ಸಮಾಲೋಚನೆಗೆ, ಸೌಮ್ಯ ರೋಗಿಗಳ ನಿಗಾಕ್ಕೆ ಬಳಸಬಹುದಾಯಿತು. ವಾರ್‌ರೂಮ್‌ಗಳಲ್ಲಿ ಕುಳಿತವರು ‘ಬಿಯು ನಂಬರ್ ಬಂತಾ?’ ಎಂದು ಕೇಳಿ ಕೇಳಿ ಸುಸ್ತಾದರು. ಸೋಂಕಿತರಿಗೆ ಕೊಡುತ್ತಿದ್ದ ಆ ಸಂಖ್ಯೆಯಿಲ್ಲದೆ ಸರ್ಕಾರಿ ಕೋಟಾದ ಹಾಸಿಗೆಯಿಲ್ಲ. ಕೈಗಾರಿಕೆಗೆ ಆಮ್ಲಜನಕ ಕೊಡುವುದನ್ನು ಏಪ್ರಿಲ್ 22ರಿಂದ ಕೇಂದ್ರ ನಿರ್ಬಂಧಿಸಿದಾಗ ಪೀಣ್ಯದ ಗ್ಯಾಸ್ ಕಟಿಂಗ್ ಘಟಕಗಳು ನಿಂತವು. ಉಸಿರಿಗೂ ಉಕ್ಕಿಗೂ ಒಂದೇ ಸಿಲಿಂಡರ್ ಎಂಬುದು ಪೂರೈಕೆ ಸರಪಳಿಯ ಅಧ್ಯಾಯದಲ್ಲಿ ಯಾರೂ ಬರೆದಿರದ ವಾಕ್ಯ. ಈ ದುಡಿಮೆಯನ್ನು ‘ಅಪೂರ್ವ ಕಲಿಕಾ ಅವಕಾಶ’ ಎಂದು ವೆಬಿನಾರುಗಳಲ್ಲಿ ಕರೆದದ್ದು ನನಗೆ ಒಪ್ಪಿಗೆಯಿಲ್ಲ. ಕಲಿಕೆಗೆ ಮೇಲ್ವಿಚಾರಣೆ ಬೇಕು, ಕಂಡದ್ದನ್ನು ಕುಳಿತು ಚರ್ಚಿಸುವ ಹೊತ್ತು ಬೇಕು. ಅವರಿಗೆ ಸಿಕ್ಕಿದ್ದು ಎಕ್ಸೆಲ್ ಹಾಳೆ ಮತ್ತು ಬೈಗುಳ.

ಆ ಮೇ ತಿಂಗಳಲ್ಲಿ ಸರ್ಕಾರ ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ಹೊರಡಿಸಿ ಗ್ರಾಮಗಳಿಗೆ ತಂಡಗಳನ್ನು ಕಳಿಸಿತು. ನಗರದೊಳಗೆ ಬಿಬಿಎಂಪಿಯ ‘ವೈದ್ಯರ ನಡೆ ನಿಮ್ಮ ಮನೆಯ ಕಡೆ’ ಶುರುವಾದದ್ದು ಆಗಸ್ಟ್‌ನಲ್ಲಿ, ಅಲೆ ಇಳಿದ ಮೇಲೆ. ಹಳ್ಳಿಗೆ ಹೋಗುವುದು ಹೇಗೆಂದು ನಮ್ಮ ವ್ಯವಸ್ಥೆಗೆ ತೊಂಬತ್ತು ವರ್ಷಗಳಿಂದ ಗೊತ್ತು: ಪಿಎಚ್‌ಸಿ ಇದೆ, ಪಂಚಾಯಿತಿ ಇದೆ, ಆಶಾ ಕಾರ್ಯಕರ್ತೆಗೆ ಮನೆಮನೆಯ ಪರಿಚಯವಿದೆ. ವೈಟ್‌ಫೀಲ್ಡ್ ಬಳಿಯ ಕುಂದಲಹಳ್ಳಿಯ ಒಂದು ಗಲ್ಲಿಗೆ ಹೋಗುವುದು ಹೇಗೆಂಬುದನ್ನು ಕಲಿಯಲು ಎರಡು ಅಲೆಗಳು ಬೇಕಾದವು.

ಆಮೇಲೆ ಪಠ್ಯ ಬದಲಾಯಿತೇ? ಬದಲಾದದ್ದುಂಟು. ಭಾರತೀಯ ವೈದ್ಯಕೀಯ ಮಂಡಳಿ ತನ್ನ ಕೊನೆಯ ದಿನಗಳಲ್ಲಿ, 2020ರ ಆಗಸ್ಟ್‌ನಲ್ಲಿ, ಸಾಂಕ್ರಾಮಿಕ ನಿರ್ವಹಣೆಯ ಮಾಡ್ಯೂಲನ್ನು ಎಂಬಿಬಿಎಸ್‌ಗೆ ಸೇರಿಸಿತು. ಸಂಶೋಧನೆಯಲ್ಲಿ ಹೊಸ ದಾರಿ ತೆರೆದದ್ದು ಚರಂಡಿಯಿಂದ. ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ಫರಾ ಇಶ್ತಿಯಾಕ್ ಅವರ ತಂಡ 2022ರ ಜನವರಿಯಿಂದ ಜೂನ್‌ವರೆಗೆ ನಗರದ 28 ಕೊಳಚೆನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು ವೈರಸ್ಸಿನ ಏರಿಳಿತ, ಹೊಸ ತಳಿಗಳ ಜಾಡು ಹಿಡಿಯಿತು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಲ್ಲೇ ಘೋಷಣೆಯಾಗಿದ್ದ ಹಿನ್ನೆಲೆಯಲ್ಲಿ ಇದಕ್ಕೆ ತೂಕವಿತ್ತು. ಕೊಳಚೆನೀರು ಆಧಾರ್ ಕೇಳುವುದಿಲ್ಲ; ಪರೀಕ್ಷೆಗೆ ಬರಲು ಹೆದರಿದವನ ಸೋಂಕೂ ಅದರಲ್ಲಿ ಎಣಿಕೆಗೆ ಸಿಗುತ್ತದೆ. ಹಾಗೆಂದು ಇದೂ ಪೂರ್ಣವಲ್ಲ. ಒಳಚರಂಡಿ ಸಂಪರ್ಕವೇ ಇಲ್ಲದ, ಶೌಚಗುಂಡಿ ಮತ್ತು ಟ್ಯಾಂಕರುಗಳ ಹೊರಬಡಾವಣೆಗಳು ಈ ನಕ್ಷೆಯಿಂದಲೂ ಹೊರಗೆ.

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿತು. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ದತ್ತು ಪಡೆದು ಮೂರು ವರ್ಷ ಅವರ ಆರೋಗ್ಯ ನೋಡಿಕೊಳ್ಳಬೇಕು. ಚೆಂದದ ಯೋಚನೆ. ಆದರೆ ಕುಟುಂಬಗಳು ಹಳ್ಳಿಯವೇ ಆಗಿರಬೇಕು. ವೈಟ್‌ಫೀಲ್ಡ್‌ನ ಕಾಲೇಜೊಂದರ ಹುಡುಗಿ ತನ್ನ ಹಾಸ್ಟೆಲಿನ ಹಿಂದಿನ ಶೆಡ್ಡುಗಳನ್ನು ದಾಟಿ, ಬಸ್ಸು ಹತ್ತಿ, ಹೊಸಕೋಟೆಯಾಚೆಗೆ ಕುಟುಂಬ ಹುಡುಕಿಕೊಂಡು ಹೋಗಬೇಕು. ಶೆಡ್ಡಿನಲ್ಲಿರುವುದು ಎಷ್ಟೋ ಸಲ ಕುಟುಂಬವೂ ಅಲ್ಲ. ಒಂದೇ ತಾಲ್ಲೂಕಿನಿಂದ ಬಂದ ಆರು ಗಂಡಸರು, ಕೆಲಸ ಮುಗಿದರೆ ಮುಂದಿನ ಸೈಟಿಗೆ ಹೋಗುವವರು. ಮೂರು ವರ್ಷ ಅವರ ಬೆನ್ನು ಹತ್ತುವುದು ಕಷ್ಟ. ನಿಯಮ ಬರೆದವರು ಸುಲಭವಾದದ್ದನ್ನು ಆರಿಸಿಕೊಂಡಿದ್ದಾರೆ.

2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದಿವೆ. ಗಡಿ ಹೊಸದಾಗಿ ಎಳೆಯುವಾಗ ಆರೋಗ್ಯ ಕೇಂದ್ರಗಳ ವ್ಯಾಪ್ತಿಯೂ ಹೊಸದಾಗಿ ಬರೆಯಬೇಕಾಗುತ್ತದೆ. ಪ್ರತಿ ಕೇಂದ್ರದ ಹಿಂದೆ ಒಂದು ಸಮುದಾಯ ವೈದ್ಯಶಾಸ್ತ್ರ ವಿಭಾಗವನ್ನು ನಿಲ್ಲಿಸುವಷ್ಟು ಕಾಲೇಜುಗಳು ಈ ನಗರದ ಸುತ್ತ ಇವೆ. ಪೀಣ್ಯಕ್ಕೆ ಸಪ್ತಗಿರಿ ಹತ್ತಿರ, ರಾಜಾಜಿನಗರದ ಇಎಸ್‌ಐ ವೈದ್ಯಕೀಯ ಕಾಲೇಜು ಇನ್ನೂ ಪ್ರಸ್ತುತ. ವಿಮೆಯಿರುವ ಕಾರ್ಮಿಕರ ಪಟ್ಟಿಯಾದರೂ ಇಎಸ್‌ಐ ಕೈಯಲ್ಲಿದೆ. ಆ ಪಟ್ಟಿಯಲ್ಲಿ ಇಲ್ಲದವರನ್ನು ಎಣಿಸುವ ಕೆಲಸ ಯಾವ ವಿಭಾಗದ ಪ್ರಬಂಧ ವಿಷಯವಾದರೂ ಆಗಬಹುದು. ಅರುವತ್ತರ ದಶಕದಲ್ಲಿ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಜನರನ್ನು ಐದು ವರ್ಷ ಬಿಡದೆ ಹಿಂಬಾಲಿಸಿ ಕ್ಷಯದ ಲೆಕ್ಕ ಇಟ್ಟದ್ದು ಇದೇ ಊರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕಾರ್ಡುಗಳ ಮೇಲೆ ಕೈಯಲ್ಲಿ ಬರೆದು.